ಗಾಜಿನ ಮೇಲೆ ಒಂದು ಬೆಲೆ, ಮೇಜಿನ ಮುಂದೆ ಇನ್ನೊಂದು

ಅಮೆರಿಕದ ಯಾವ ಶೋರೂಮಿಗೆ ಹೋದರೂ ಹೊಸ ಕಾರಿನ ಕಿಟಕಿಯ ಗಾಜಿಗೆ ಅಗಲವಾದ ಚೀಟಿಯೊಂದು ಅಂಟಿರುತ್ತದೆ. ಕಾರು ಎಲ್ಲಿ ಜೋಡಣೆಯಾಯಿತು, ಮೂಲ ಬೆಲೆ ಎಷ್ಟು, ಹೆಚ್ಚುವರಿ ಸಲಕರಣೆಗಳಿಗೆ ಎಷ್ಟೆಷ್ಟು, ಸಾಗಣೆಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಆ ವ್ಯಾಪಾರದವರ ಬಾಯಲ್ಲಿ ಅದರ ಹೆಸರು ‘ಮನ್ರೋನಿ’. ಓಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದೆ ನಿಂತು ಮಾಡಿಸಿದ 1958ರ ಕಾಯಿದೆಯಿಂದಾಗಿ ಅಂಟಿಕೊಂಡ ಹೆಸರು ಅದು. ಪತ್ರಕರ್ತರಾಗಿ ದುಡಿದು ರಾಜಕೀಯಕ್ಕೆ ಬಂದಿದ್ದ ಮನ್ರೋನಿ ಅದೇ ವರ್ಷ ಆ ದೇಶದ ವಿಮಾನಯಾನ ಆಡಳಿತಕ್ಕೆ ಹೊಸ ರೂಪ ಕೊಟ್ಟ ಕಾಯಿದೆಯ ಹಿಂದೆಯೂ ಇದ್ದರು. ಜನರ ನಾಲಿಗೆಯ ಮೇಲೆ ಉಳಿದದ್ದು ಮಾತ್ರ ಚೀಟಿ.

ಇಂಥದ್ದೊಂದು ಚೀಟಿಗೆ ಕಾಯಿದೆ ಏಕೆ ಬೇಕಾಯಿತು? ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ‘ಎಲ್ಲರಿಗೂ ಒಂದೇ ದರ’ ಎಂಬ ಪದ್ಧತಿ ನೆಲೆಯೂರಿತ್ತು. ಫಿಲಡೆಲ್ಫಿಯಾದಲ್ಲಿ ಜಾನ್ ವಾನಮೇಕರ್ ಅವರ ಅಂಗಡಿ ಅದಕ್ಕೇ ಹೆಸರುವಾಸಿ. ಮೊದಮೊದಲು ಕಾರೂ ಇದೇ ದಾರಿಯಲ್ಲಿತ್ತು. ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು 850 ಡಾಲರಿಗೆ ತಂದರು. 1925ರ ವೇಳೆಗೆ ಅದರ ಎರಡು ಸೀಟಿನ ಮಾದರಿ 260 ಡಾಲರಿಗೆ ಸಿಗುತ್ತಿತ್ತು. ಬೆಲೆಯನ್ನು ಇಳಿಸುತ್ತಿದ್ದದ್ದು ಕಾರ್ಖಾನೆ. ಗಿರಾಕಿಯ ಬಾಯಿಜೋರಿಗೆ ಅಲ್ಲಿ ಹೆಚ್ಚಿನ ಕೆಲಸವಿರಲಿಲ್ಲ.

ಕೆಟ್ಟದ್ದು ಹಳೆಯ ಕಾರಿನಿಂದ. 1920ರ ದಶಕದಲ್ಲಿ ಕೊಳ್ಳುವ ಶಕ್ತಿ ಇದ್ದವರ ಮನೆಗೆಲ್ಲ ಒಂದೊಂದು ಕಾರು ಬಂದಿತ್ತು. ಜನರಲ್ ಮೋಟರ್ಸ್ ವರ್ಷಕ್ಕೊಂದು ಹೊಸ ಮಾದರಿ ತೋರಿಸಿ ಆಸೆ ಹುಟ್ಟಿಸುತ್ತಿತ್ತು, ಕಂತಿನ ಸಾಲವನ್ನೂ ತಾನೇ ಕೊಡುತ್ತಿತ್ತು. ಆದರೆ ಮನೆಯಲ್ಲಿದ್ದ ಕಾರನ್ನು ಏನು ಮಾಡುವುದು? ಅದನ್ನೇ ಡೀಲರಿಗೆ ಒಪ್ಪಿಸಿ, ಅದರ ಬೆಲೆ ಮುರಿದುಕೊಂಡು, ಉಳಿದ ಹಣಕ್ಕೆ ಹೊಸದನ್ನು ಒಯ್ಯುವುದು. ಹೊಸ ಕಾರಿನ ಬೆಲೆ ಎಷ್ಟೇ ಗಟ್ಟಿಯಾಗಿದ್ದರೂ ಹಳೆಯದಕ್ಕೆ ಅಚ್ಚಾದ ಬೆಲೆಯಿಲ್ಲ. ಆ ಸಂದಿನಿಂದ ಚೌಕಾಸಿ ಒಳಗೆ ನುಗ್ಗಿತು.

ಇತಿಹಾಸಕಾರ ಸ್ಟೀವನ್ ಗೆಲ್ಬರ್ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಇನ್ನೂ ಹಿಂದಿನ ಬೇರು ಹುಡುಕುತ್ತಾರೆ: ಕುದುರೆ ವ್ಯಾಪಾರ. ಹೆಂಗಸರು ಅಂಗಡಿಗಳಲ್ಲಿ ನಿಗದಿತ ದರಕ್ಕೆ ಒಗ್ಗಿಕೊಳ್ಳುತ್ತಿದ್ದಾಗ ಗಂಡಸರು ಕುದುರೆ ಕೊಳ್ಳುವಾಗಿನ ಜಗ್ಗಾಟವನ್ನು ಬಿಡದೆ, ಕುದುರೆ ಹೋಗಿ ಕಾರು ಬಂದಾಗ ಅದನ್ನೇ ಕಾರಿಗೂ ದಾಟಿಸಿದರು ಎಂಬುದು ಅವರ ವಾದ. ನಮ್ಮ ದನದ ಜಾತ್ರೆ ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಘಾಟಿ ಸುಬ್ರಹ್ಮಣ್ಯದಲ್ಲಿ ದಳ್ಳಾಳಿ ಟವಲಿನ ಕೆಳಗೆ ಕೈಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ಎಷ್ಟೆಂದು ಗೊತ್ತಾಗದು. ಆದರೆ ಜಾತ್ರೆಯಲ್ಲಿ ಕೊಳ್ಳುವ ರೈತನಿಗೂ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದು ಬರುತ್ತದೆ. ಕಾರಿನ ಬಾನೆಟ್ ಎತ್ತಿ ನೋಡಿದ ಗುಮಾಸ್ತನಿಗೆ ತಿಳಿಯುವುದೇನು? ಬಲ್ಲವನು ಒಬ್ಬನೇ, ಅವನು ಮಾರುವವನು.

ಎರಡನೆಯ ಮಹಾಯುದ್ಧ ಈ ಅಸಮತೋಲನವನ್ನು ಇನ್ನಷ್ಟು ಕೆಡಿಸಿತು. 1942ರ ಫೆಬ್ರುವರಿಯಲ್ಲಿ ಅಮೆರಿಕದ ಕಾರ್ಖಾನೆಗಳು ಜನರ ಕಾರು ಮಾಡುವುದನ್ನು ನಿಲ್ಲಿಸಿ ಯುದ್ಧ ಸಾಮಗ್ರಿಗೆ ತಿರುಗಿದವು. ಯುದ್ಧ ಮುಗಿದಾಗ ಕೊಳ್ಳುವವರ ಸಾಲು ಉದ್ದ, ಕಾರು ಕಡಿಮೆ. ಮೇಜಿನಡಿ ದುಡ್ಡು ತಳ್ಳಿದವರಿಗೆ ಮೊದಲು ಸಿಕ್ಕಿತು. ಬೇಡದ ಸಲಕರಣೆಗಳನ್ನೂ ಜತೆಗೆ ಕಟ್ಟಿ ಕಳಿಸಿದರು. ಹತ್ತು ವರ್ಷವೂ ಕಳೆಯಲಿಲ್ಲ, ಚಿತ್ರ ತಿರುಗುಮುರುಗಾಯಿತು. ಫೋರ್ಡ್ ಮತ್ತು ಷೆವರ್ಲೆ ಮೊದಲ ಸ್ಥಾನಕ್ಕಾಗಿ ಜಿದ್ದಿಗೆ ಬಿದ್ದು, ಕೇಳಲಿ ಬಿಡಲಿ ಡೀಲರುಗಳ ಅಂಗಳಕ್ಕೆ ಕಾರು ಸುರಿದವು. 1955ರಲ್ಲಿ ಆ ದೇಶ ಸುಮಾರು 79 ಲಕ್ಷ ಕಾರು ತಯಾರಿಸಿತು. ಅವನ್ನೆಲ್ಲ ಖಾಲಿ ಮಾಡಬೇಕಾದ ಡೀಲರು ಸಾಧುವಾಗಿ ಉಳಿಯುವುದು ಕಷ್ಟವೇ.

ಆಗ ಬೆಳೆದ ಉಪಾಯಗಳಲ್ಲಿ ದೊಡ್ಡದು ‘ಪ್ಯಾಕ್’. ಲೆಕ್ಕ ಹೀಗೆ: ಹೊಸ ಕಾರಿನ ನಿಜ ಬೆಲೆ 2,400 ಡಾಲರ್, ಗಿರಾಕಿಯ ಹಳೆಯ ಕಾರು 500 ಬಾಳುತ್ತದೆ ಎಂದುಕೊಳ್ಳಿ. ನ್ಯಾಯವಾಗಿ ಅವನು ಕೊಡಬೇಕಾದದ್ದು 1,900. ಡೀಲರು ಹೊಸದಕ್ಕೆ 2,800 ಹೇಳಿ, ಹಳೆಯದಕ್ಕೆ ಉದಾರವಾಗಿ 800 ಕೊಡುತ್ತೇನೆ ಎನ್ನುತ್ತಾನೆ. ತನ್ನ ಡಬ್ಬಾ ಗಾಡಿಗೆ 300 ಡಾಲರ್ ಹೆಚ್ಚಿಗೆ ಬಂತೆಂದು ಹಿಗ್ಗುವ ಗಿರಾಕಿ 2,000 ಎಣಿಸಿಕೊಟ್ಟು, 100 ಡಾಲರ್ ಕಳೆದುಕೊಂಡು, ಕೈಕುಲುಕಿ ಹೊರಡುತ್ತಾನೆ. ಇನ್ನೊಂದು ವರಸೆಯಲ್ಲಿ ಮೊದಲು ನಂಬಲಾಗದಷ್ಟು ಕಡಿಮೆ ಬೆಲೆ ಹೇಳಿ, ಬೇರೆ ಅಂಗಡಿ ಸುತ್ತಿ ಮರಳಿ ಬಂದವನಿಗೆ ‘ಮ್ಯಾನೇಜರ್ ಒಪ್ಪುತ್ತಿಲ್ಲ’ ಎನ್ನುವುದು.

ಮನ್ರೋನಿ ಸಮಿತಿಯ ವಿಚಾರಣೆಗಳಲ್ಲಿ ಇವೆಲ್ಲ ಬೆಳಕಿಗೆ ಬಂದವು. ಕಾಯಿದೆ ಮಾತ್ರ ಜಾಣತನದಿಂದ ಚಿಕ್ಕದಾಗಿಯೇ ಇತ್ತು. ತಯಾರಕರು ಸೂಚಿಸಿದ ಬೆಲೆಯನ್ನು ಗಾಜಿಗೆ ಅಂಟಿಸಲೇಬೇಕು. ಕೊಂಡವನ ಕೈಸೇರುವ ಮುನ್ನ ಅದನ್ನು ಕಿತ್ತವರಿಗೆ 1,000 ಡಾಲರ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಅದೇ ಬೆಲೆಗೆ ಮಾರಬೇಕೆಂದು ಎಲ್ಲೂ ಹೇಳಲಿಲ್ಲ. ಹಾಗಾಗಿ ಚೌಕಾಸಿ ನಿಲ್ಲಲಿಲ್ಲ, ಅದಕ್ಕೊಂದು ತಲೆಗೆರೆ ಸಿಕ್ಕಿತಷ್ಟೆ. ಅಡಿಗೆರೆ ಎಲ್ಲಿದೆ ಎಂಬುದು ಡೀಲರಿನ ಗುಟ್ಟಾಗಿಯೇ ಉಳಿಯಿತು. 1966ರಲ್ಲಿ ಶುರುವಾದ ಎಡ್ಮಂಡ್ಸ್ ಪುಸ್ತಿಕೆಗಳು ಕಾರಿನ ಬೆಲೆಗಳನ್ನು ಪಟ್ಟಿಮಾಡಿ ಮಾರತೊಡಗಿದವು. ಮುಂದೆ ಡೀಲರಿನ ಇನ್‌ವಾಯ್ಸ್ ದರವೂ ಗಿರಾಕಿಗಳ ಕೈಗೆ ಬಂತು. ಆ ಇನ್‌ವಾಯ್ಸೂ ಪೂರ್ತಿ ಸತ್ಯವಲ್ಲ: ಕಾರು ಮಾರಾಟವಾದ ಮೇಲೆ ಕಂಪನಿ ಅದರಲ್ಲೊಂದು ಪಾಲನ್ನು ‘ಹೋಲ್ಡ್‌ಬ್ಯಾಕ್’ ಎಂದು ಡೀಲರಿಗೆ ವಾಪಸು ಕೊಡುವ ರೂಢಿಯಿದೆ.

ಚೌಕಾಸಿಯನ್ನು ಆಟವೆಂದು ಹೊಗಳುವವರು 1991ರಲ್ಲಿ ‘ಹಾರ್ವರ್ಡ್ ಲಾ ರಿವ್ಯೂ’ ಪ್ರಕಟಿಸಿದ ಅಧ್ಯಯನವನ್ನು ಓದಬೇಕು. ಕಾನೂನು ಪ್ರಾಧ್ಯಾಪಕ ಇಯಾನ್ ಏರ್ಸ್ ಷಿಕಾಗೊ ಪ್ರದೇಶದ ಡೀಲರುಗಳ ಬಳಿಗೆ ಬಿಳಿಯ ಮತ್ತು ಕಪ್ಪು ಜನಾಂಗದ ಗಂಡಸರನ್ನೂ ಹೆಂಗಸರನ್ನೂ ಕಳಿಸಿದರು. ಎಲ್ಲರೂ ಕಲಿತು ಹೋದದ್ದು ಒಂದೇ ಬಗೆಯ ಚೌಕಾಸಿ. ಆದರೂ ಡೀಲರುಗಳು ಬಿಳಿಯ ಹೆಂಗಸರ ಮೇಲೆ ಇಟ್ಟುಕೊಂಡ ಲಾಭ ಬಿಳಿಯ ಗಂಡಸರಿಗಿಂತ ಶೇ 40ರಷ್ಟು ಹೆಚ್ಚು. ಕಪ್ಪು ಗಂಡಸರ ಮೇಲೆ ಎರಡು ಪಟ್ಟಿಗೂ ಮಿಕ್ಕಿ, ಕಪ್ಪು ಹೆಂಗಸರ ಮೇಲೆ ಮೂರು ಪಟ್ಟಿಗೂ ಮಿಕ್ಕಿ. ಜನರಲ್ ಮೋಟರ್ಸ್ ಕಂಪನಿಯ ‘ಸ್ಯಾಟರ್ನ್’ ಕಾರು ಚೌಕಾಸಿಯೇ ಇಲ್ಲದ ಒಂದೇ ದರದೊಂದಿಗೆ ಬಂದದ್ದು 1990ರಲ್ಲಿ. ಅದನ್ನು ಮೆಚ್ಚಿ ಕೊಂಡವರು ಬಹಳ. ಆದರೂ ಆ ಬ್ರ್ಯಾಂಡ್ 2010ರಲ್ಲಿ ಬಾಗಿಲು ಮುಚ್ಚಿತು.

ಭಾರತದಲ್ಲಿ ಈ ಕಥೆ ಬೇರೆ ತುದಿಯಿಂದ ಶುರುವಾಗುತ್ತದೆ. ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಬಿಟ್ಟರೆ ಗತಿಯಿಲ್ಲದ ಕಾಲದಲ್ಲಿ ಗಿರಾಕಿಗೆ ಬೇಕಾಗಿದ್ದದ್ದು ರಿಯಾಯಿತಿಯಲ್ಲ, ಕಾರು. 1969ರಲ್ಲಿ ಕೇಂದ್ರ ಸರ್ಕಾರ ಕಾರಿನ ಮಾರಾಟ ಬೆಲೆಯನ್ನು ಆದೇಶದ ಮೂಲಕ ತಾನೇ ಗೊತ್ತುಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ನ್ಯಾಯವಾದ ಬೆಲೆ ಯಾವುದೆಂಬ ಜಗಳ ಹೀಗೆ ನ್ಯಾಯಾಧೀಶರ ಮುಂದೆ ನಡೆಯುತ್ತಿದ್ದಾಗ ಹೊರಗೆ ಪಾಳಿ ಬಂದವನ ಕಾರಿಗೆ ಪ್ರೀಮಿಯಂ ಕೊಡಲು ಜನ ಸಿದ್ಧರಿದ್ದರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಆ ವೇಳೆಗೆ ತಲಾ 10,000 ರೂಪಾಯಿ ಠೇವಣಿ ಇಟ್ಟು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದ್ದರು. ಮಾರುತಿಯ ಬುಕಿಂಗ್ ಚೀಟಿಯೇ ಬ್ಲ್ಯಾಕಿನಲ್ಲಿ ಬಿಕರಿಯಾಗುವ ಸರಕಾಯಿತು.

1998ರಲ್ಲಿ ಸ್ಯಾಂಟ್ರೊ, ಮಟೀಜ್, ಇಂಡಿಕಾ ಒಂದರ ಹಿಂದೊಂದು ಬಂದ ಮೇಲೆ ಗಿರಾಕಿಗೂ ಬಾಯಿ ಬಂತು. ಕರ್ನಾಟಕದಲ್ಲಿ ಈ ಚೌಕಾಸಿಗೆ ಪಂಚಾಂಗವೂ ಸೇರಿಕೊಂಡಿತು. ಆಷಾಢದಲ್ಲಿ ಹೊಸ ಗಾಡಿ ತರುವವರು ಕಡಿಮೆ, ಹಾಗಾಗಿ ಬೆಂಗಳೂರಿನ ಶೋರೂಮುಗಳು ಆ ತಿಂಗಳು ‘ಆಷಾಢ ಆಫರ್’ ತೂಗುಹಾಕುತ್ತವೆ. ಡಿಸೆಂಬರಿನಲ್ಲಿ, ಮಾರದೆ ಉಳಿದ ಕಾರಿನ ತಯಾರಿಕೆಯ ವರ್ಷ ಹಳೆಯದಾಗಿಬಿಡುವ ಭಯ ಡೀಲರಿನದು, ಆಗ ಇನ್ನೊಂದು ಸುತ್ತು. ಜೀವಾವಧಿ ತೆರಿಗೆಯಲ್ಲಿ ಡೀಲರು ಬಿಟ್ಟುಕೊಡುವಂಥದ್ದೇನೂ ಇಲ್ಲ. ಆದ್ದರಿಂದ ಜಗ್ಗಾಟ ನಡೆಯುವುದು ವಿಮೆ, ಸೀಟ್ ಕವರ್, ಮ್ಯಾಟು, ಹೆಚ್ಚುವರಿ ವಾರಂಟಿಗಳ ಮೇಲೆ. ವಿಮೆಯನ್ನು ಡೀಲರಿನ ಬಳಿಯೇ ಮಾಡಿಸಬೇಕೆಂದು ಯಾವ ನಿಯಮವೂ ಇಲ್ಲ. ಹೊರಗೆ ವಿಚಾರಿಸಿಕೊಂಡು ಬಂದವರಿಗೆ ಅಲ್ಲೇ ಒಂದಷ್ಟು ಸಾವಿರ ಇಳಿಯುವುದುಂಟು.

2021ರಲ್ಲಿ ಚಿಪ್ ಕೊರತೆ ಬಂದು ಕಾರು ಮತ್ತೆ ದುರ್ಲಭವಾದಾಗ ಅಮೆರಿಕದ ಡೀಲರುಗಳು ಮನ್ರೋನಿಯ ಪಕ್ಕದಲ್ಲೇ ‘ಮಾರುಕಟ್ಟೆ ಹೊಂದಾಣಿಕೆ’ ಎಂಬ ತಮ್ಮದೇ ಚೀಟಿ ಅಂಟಿಸಿ ಸಾವಿರಾರು ಡಾಲರ್ ಹೆಚ್ಚು ಕೇಳಿದರು. ಕಾಯಿದೆಯಲ್ಲಿ ಅದಕ್ಕೆ ತಡೆಯಿಲ್ಲ. ಅದೇ ವರ್ಷ ಭಾರತದಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿ ಡೀಲರುಗಳನ್ನು ಮಧ್ಯವರ್ತಿಗಳಷ್ಟೇ ಆಗಿಸಿ, ದೇಶವಿಡೀ ಒಂದೇ ದರದಲ್ಲಿ ತಾನೇ ನೇರವಾಗಿ ಬಿಲ್ ಮಾಡತೊಡಗಿತು. ಮಿಕ್ಕ ಶೋರೂಮುಗಳಲ್ಲಿ ಹಳೆಯ ಗಾಡಿ ಕೊಟ್ಟವರಿಗೆ ‘ಎಕ್ಸ್‌ಚೇಂಜ್ ಬೋನಸ್’ ಇದೆ. ಹಳೆಯ ಗಾಡಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಬೇರೆಬೇರೆ ಹಾಳೆಯಲ್ಲಿ ಬರೆಸಿಕೊಳ್ಳುವ ಗಿರಾಕಿಯನ್ನು ಕಂಡರೆ ಸೇಲ್ಸ್‌ನವರಿಗೆ ಇಂದಿಗೂ ಅಷ್ಟಕ್ಕಷ್ಟೆ.