ಮೋಟಾರಿನ ಬಲವನ್ನು ಅಳೆಯುವುದೆಲ್ಲಿ?

ಮೋಟಾರು ಗಾಡಿಯ ಬಲವನ್ನು ಕುದುರೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಆ ಕುದುರೆಗಳು ಓಡಬೇಕಾದದ್ದು ಮಾತ್ರ ಮಕ್ಕಳು ಮರಿಗಳು ನಡೆದಾಡುವ ಬೀದಿಯಲ್ಲಿ. ಹಾಗಾದರೆ ಬಲಿಷ್ಠವಾದ ಕಾರಿನ ನಿಜವಾದ ಸಾಮರ್ಥ್ಯವನ್ನು ನಾವು ಎಲ್ಲಿ ಪರೀಕ್ಷಿಸಬೇಕು? ಈ ಪ್ರಶ್ನೆಗೆ ಒಂದು ಇತಿಹಾಸವೇ ಇದೆ.

ಇಟಲಿಯವರು 1927ರಲ್ಲಿ ‘ಮಿಲ್ಲೆ ಮಿಲ್ಯಾ’ ಎಂಬ ಸಾವಿರ ಮೈಲಿಗಳ ಪಂದ್ಯವನ್ನು ಊರೂರಿನ ರಸ್ತೆಗಳ ಮೇಲೆಯೇ ಆರಂಭಿಸಿದರು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಕಾರಿನಲ್ಲಿ ಆ ದೂರವನ್ನು ಹತ್ತು ಗಂಟೆ ಎಂಟು ನಿಮಿಷದೊಳಗೆ ಮುಗಿಸಿದನು. ಸರಾಸರಿ ವೇಗ ಗಂಟೆಗೆ ಸುಮಾರು 157 ಕಿಲೋಮೀಟರು! ಎರಡೇ ವರ್ಷಗಳಲ್ಲಿ, 1957ರಲ್ಲಿ, ಒಂದು ಫೆರಾರಿ ಕಾರಿನ ಚಕ್ರ ಸಿಡಿದು ಅದರಲ್ಲಿದ್ದ ಇಬ್ಬರ ಜೊತೆ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು. ವೇಗದ ಪಂದ್ಯವಾಗಿ ಅದು ಅಲ್ಲಿಗೆ ಕೊನೆಗೊಂಡಿತು. ಇಂಗ್ಲೆಂಡಿನ ಎಂ-1 ಹೆದ್ದಾರಿಯಲ್ಲಿ 1964ರಲ್ಲಿ ಎ.ಸಿ. ಕೋಬ್ರಾ ಕಾರನ್ನು ಗಂಟೆಗೆ 185 ಮೈಲಿಯವರೆಗೆ ಓಡಿಸಿ ನೋಡಿದರು. ಮರುವರ್ಷವೇ ಅಲ್ಲಿ 70 ಮೈಲಿಯ ಮಿತಿ ಬಂದಿತು.

ಇನ್ನು ನಮ್ಮ ನೆರೆಯ ಕೇರಳಕ್ಕೆ ಬರೋಣ. ತಿರುವನಂತಪುರದ ಕೇಶವದಾಸಪುರದಿಂದ ಕೊಚ್ಚಿಯ ಉತ್ತರಕ್ಕಿರುವ ಅಂಗಮಾಲಿಗೆ ಹೋಗುವ ಎಂ.ಸಿ. ರಸ್ತೆ ಹಳೆಯ ರಾಜಮಾರ್ಗ. ತಿರುವುಗಳು, ಏರಿಳಿತಗಳು, ರಸ್ತೆಗೇ ತಾಗಿದ ಅಂಗಡಿ ಮನೆಗಳು, ಮೇಲೆ ವರ್ಷದಲ್ಲಿ ಎರಡು ಮಳೆಗಾಲ. ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮ (1922–2013) ಅವರ ಬಳಿ ಐವತ್ತರ ದಶಕದ ಮರ್ಸಿಡಿಸ್ 180 ಕಾರಿತ್ತು. ಬಲ ನೋಡಿದರೆ ಅದು ಮಾಸ್ ಓಡಿಸಿದ ಕಾರಿನ ಮುಂದೆ ಎತ್ತಿನ ಗಾಡಿ. ಆದರೂ 23 ಲಕ್ಷ ಮೈಲಿಗಳನ್ನು ಅವರೇ ಅದರಲ್ಲಿ ಪೂರೈಸಿದರೆಂದು ಪತ್ರಿಕೆಗಳು ಬರೆದವು. ಗುಮಾಸ್ತೆಯ ಬುದ್ಧಿ ಸುಮ್ಮನಿರದು. ಐವತ್ತು ವರ್ಷಕ್ಕೆ ಹಂಚಿ ನೋಡಿದೆವು. ದಿನಕ್ಕೆ 126 ಮೈಲಿ, ಒಂದು ದಿನವೂ ಬಿಡುವಿಲ್ಲದೆ! ಅಂಕಿಯನ್ನು ಕಣ್ಣುಮುಚ್ಚಿ ಒಪ್ಪುವುದು ಕಷ್ಟ. ಅದರ ಅರ್ಧವನ್ನೇ ಹಿಡಿದರೂ ಆ ಗಾಡಿಯ ಸಾಮರ್ಥ್ಯಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಯೋಗಶಾಲೆಯ ಅಳತೆಯೂ ರಸ್ತೆಯನ್ನೇ ನೋಡಿ ಹುಟ್ಟಿದ್ದು. ಹಳೆಯ ‘ಭಾರತೀಯ ಚಾಲನಾ ಚಕ್ರ’ ಎಂಬ ಪರೀಕ್ಷೆಯಲ್ಲಿ ಗಾಡಿಯನ್ನು ಉರುಳೆಗಳ ಮೇಲೆ 108 ಸೆಕೆಂಡು ಓಡಿಸುತ್ತಿದ್ದರು. ಗರಿಷ್ಠ ವೇಗ 42 ಕಿಲೋಮೀಟರು, ಸರಾಸರಿ ಸುಮಾರು 22. ನಮ್ಮ ಪೇಟೆಬೀದಿಗಳ ಗತಿ ಅಷ್ಟೇ ಎಂಬುದನ್ನು ಆ ಪರೀಕ್ಷೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತ್ತು.

ಭೌತಶಾಸ್ತ್ರ ಇನ್ನೂ ನಿಷ್ಠುರ. ವೇಗ ಎರಡರಷ್ಟಾದರೆ ಗಾಡಿಯ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ, ಕಣ್ಣು ಕಂಡು ಕಾಲು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಕಾರು ನಿಲ್ಲಲು ಸುಮಾರು 28 ಮೀಟರು ಬೇಕು. ನೂರರ ವೇಗದಲ್ಲಿ 84 ಮೀಟರು; ಮಳೆಯಲ್ಲಿ ನೆನೆದ ರಸ್ತೆಯಾದರೆ ನೂರಿಪ್ಪತ್ತೂ ದಾಟೀತು. ಎಂಜಿನ್ನಿನ ಬಲ ಎಷ್ಟೇ ಇರಲಿ, ಈ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಇಲ್ಲಿ ಕೆಲಸ ಮಾಡುವುದು ರಸ್ತೆ, ಟೈರು, ಬ್ರೇಕು, ಮನುಷ್ಯನ ಎಚ್ಚರ, ಇಷ್ಟೇ.

ಇದು ಬರಿಯ ಲೆಕ್ಕದ ಮಾತಲ್ಲ. 2019ರ ಆಗಸ್ಟ್ 3ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ತಿರುವನಂತಪುರದ ಮ್ಯೂಸಿಯಂ ಬಳಿ ಪತ್ರಕರ್ತ ಕೆ.ಎಂ. ಬಷೀರ್ ಕಾರೊಂದರ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. 2023ರ ಜೂನ್ ತಿಂಗಳಲ್ಲಿ ಕೇರಳ ಸರಕಾರ ರಸ್ತೆಗಳಲ್ಲಿ 726 ಕ್ಯಾಮರಾಗಳನ್ನು ಕೆಲಸಕ್ಕೆ ಹಚ್ಚಿತು. ಮರುತಿಂಗಳು ಪರಿಷ್ಕರಿಸಿದ ಮಿತಿಗಳ ಪ್ರಕಾರ ಕಾರುಗಳಿಗೆ ಆರು ಪಥದ ಹೆದ್ದಾರಿಯಲ್ಲಿ 110, ಎಂ.ಸಿ. ರಸ್ತೆಯಲ್ಲಿ 90, ಪೇಟೆಯೊಳಗೆ 50.

ಗಂಟೆಗೆ ಮುನ್ನೂರು ಕಿಲೋಮೀಟರು ಓಡಬಲ್ಲ ಕಾರನ್ನು ಕೊಳ್ಳುವವರು ಕೊಚ್ಚಿಯಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಿಯೂ ಇದ್ದಾರೆ. ಕೊಳ್ಳಲಿ, ಆ ವೇಗವನ್ನು ನೋಡುವ ಆಸೆಯಿದ್ದವರು ಪಂದ್ಯದ ಮೈದಾನಕ್ಕೆ ಹೋಗಲಿ. ಸಾರ್ವಜನಿಕ ರಸ್ತೆಯಲ್ಲಿ ಗಾಡಿಯ ಯೋಗ್ಯತೆಯನ್ನು ತೀರ್ಮಾನಿಸುವವನು ಸ್ಟಿಯರಿಂಗ್ ಹಿಡಿದವನಲ್ಲ, ಅದರ ಮುಂದೆ ರಸ್ತೆ ದಾಟುವವನು. ಅವನು ಸುರಕ್ಷಿತವಾಗಿ ಆಚೆ ದಡ ಸೇರಿದರೆ ಕಾರು ಪರೀಕ್ಷೆಯಲ್ಲಿ ಗೆದ್ದಂತೆ.