ಮೋಲ್ಟ್‌ಮನ್, ಯೂರ್ಗನ್

1926-2024. ಯಾತನೆಯ ನಡುವಿನ ಕ್ರೈಸ್ತ ನಿರೀಕ್ಷೆಯನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದ ಜರ್ಮನಿಯ ಪ್ರಾಟೆಸ್ಟಂಟ್ ದೇವತಾಶಾಸ್ತ್ರಜ್ಞ. ಹ್ಯಾಂಬರ್ಗಿನಲ್ಲಿ, ಮತಾಚರಣೆಯ ರೂಢಿಯಿಲ್ಲದ ಮನೆತನದಲ್ಲಿ ಜನಿಸಿದನು. 1943ರ ಜುಲೈಯಲ್ಲಿ ಆ ನಗರವು ಬಾಂಬುದಾಳಿಗೆ ಸಿಕ್ಕಿ ಉರಿದಾಗ ವಿಮಾನನಿರೋಧಕ ಫಿರಂಗಿದಳದ ಸೇವೆಗೆ ನಿಯುಕ್ತನಾಗಿದ್ದ ಈ ತರುಣನು, ತನ್ನ ಪಕ್ಕದಲ್ಲಿಯೇ ನಿಂತಿದ್ದ ಗೆಳೆಯನು ಹತನಾಗಿ ತಾನು ಮಾತ್ರ ಉಳಿದುದನ್ನು ಕಂಡು, ದೇವರೆಲ್ಲಿ ಎಂದು ಮೊತ್ತಮೊದಲು ಮೊರೆಯಿಟ್ಟನು. 1945ರಲ್ಲಿ ಬ್ರಿಟಿಷರಿಗೆ ಸೆರೆಯಾಗಿ, ಬೆಲ್ಜಿಯಂ, ಸ್ಕಾಟ್ಲೆಂಡ್, ಇಂಗ್ಲೆಂಡುಗಳ ಶಿಬಿರಗಳಲ್ಲಿ 1948ರವರೆಗೆ ಕಳೆದ ಕಾಲದಲ್ಲಿ, ಸೈನ್ಯದ ಪಾದ್ರಿಯೊಬ್ಬರಿತ್ತ ಬೈಬಲನ್ನು ಓದುತ್ತ, ಕೀರ್ತನೆಗಳ ವಿಲಾಪದಲ್ಲಿಯೂ ಶಿಲುಬೆಯ ಮೇಲಣ ಕ್ರಿಸ್ತನ ಆರ್ತನಾದದಲ್ಲಿಯೂ ತನ್ನ ದುಃಖದ ಧ್ವನಿಯನ್ನೇ ಕೇಳಿದುದು ಈತನ ಚಿಂತನಕ್ಕೆ ಮೂಲವಾಯಿತು. 1964ರಲ್ಲಿ ಪ್ರಕಟವಾದ 'ನಿರೀಕ್ಷೆಯ ದೇವತಾಶಾಸ್ತ್ರ' ಎಂಬ ಗ್ರಂಥದಲ್ಲಿ, ಕ್ರಿಸ್ತನ ಪುನರುತ್ಥಾನವು ವರ್ತಮಾನದ ಅನ್ಯಾಯದೊಡನೆ ವಿಶ್ವಾಸಿಯನ್ನು ರಾಜಿಯಾಗಗೊಡದ ವಾಗ್ದಾನವೆಂದೂ, 1972ರ 'ಶಿಲುಬೆಗೇರಿದ ದೇವರು' ಎಂಬುದರಲ್ಲಿ, ಪುತ್ರನ ಮರಣದಲ್ಲಿ ತಂದೆಯಾದ ದೇವರೂ ನೊಂದನೆಂದೂ ಪ್ರತಿಪಾದಿಸಿದನು. ದೇವರು ವೇದನಾತೀತನೆಂಬ ಪ್ರಾಚೀನ ಸಿದ್ಧಾಂತಕ್ಕೆ ಇದು ವಿರುದ್ಧವೆಂಬ ಆಕ್ಷೇಪಕ್ಕೆ ಈತನು, ನೋಯಲಾರದವನು ಪ್ರೀತಿಸಲೂ ಆರನೆಂದು ಸಮಾಧಾನ ಹೇಳಿದನು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ 1967ರಿಂದ 1994ರವರೆಗೆ ಪ್ರಾಧ್ಯಾಪಕನಾಗಿದ್ದನು.