ಬಜಪೆ ಗುಡ್ಡದ ಮೇಲಿನ ಮೋಡ

ಡಿಸೆಂಬರಿನಲ್ಲಿ ಮಂಗಳೂರಿನ ಆಕಾಶ ತೊಳೆದಿಟ್ಟಂತಿರುತ್ತದೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಬಜಪೆ ಗುಡ್ಡದ ಮೇಲಿನ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಅವರು ಜೂನಿನಲ್ಲಿ ಬಂದಿದ್ದರೆ ಈ ಗುಡ್ಡದ ಇನ್ನೊಂದು ಮುಖ ಕಾಣುತ್ತಿತ್ತು; ಅಥವಾ ಏನೂ ಕಾಣುತ್ತಿರಲಿಲ್ಲ.

ತುಳುನಾಡಿನಲ್ಲಿ ಸಮತಟ್ಟಾದ ಜಾಗ ಹುಡುಕಿದರೆ ಒಂದೋ ಬೈಲಿನ ಗದ್ದೆ, ಇಲ್ಲವೇ ಮುರಕಲ್ಲಿನ ಗುಡ್ಡದ ನೆತ್ತಿ. ವಿಮಾನಕ್ಕೆ ಒದಗಿದ್ದು ನೆತ್ತಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ಸುತ್ತ ಕಣಿವೆ, ಕೆಳಗೆ ಫಲ್ಗುಣಿ ಹೊಳೆ, ಪಡುವಣಕ್ಕೆ ಕಡಲು. ಮುಂಗಾರಿನಲ್ಲಿ ಕಡಲಿಂದ ನುಗ್ಗುವ ಮೋಡ ಬಹಳ ತಗ್ಗಿನಲ್ಲೇ ಸಾಗುತ್ತದೆ. ಪೇಟೆಯಲ್ಲಿ ನಿಂತವರಿಗೆ ಅದು ತಲೆಯ ಮೇಲಿನ ಮೋಡ, ಗುಡ್ಡದ ಮೇಲಿನ ರನ್‌ವೇಗೆ ಮಾತ್ರ ಮೈಗೆ ಹೊದ್ದ ಕಂಬಳಿ. ಕಣಿವೆಯಿಂದ ಗುಡ್ಡದಂಚಿಗೆ ಏರುವ ಗಾಳಿ, ಇಳಿಯುತ್ತಿರುವ ವಿಮಾನವನ್ನು ಕೊನೆಯ ಗಳಿಗೆಯಲ್ಲಿ ಅಲುಗಾಡಿಸುವುದುಂಟು. ಚಳಿಗಾಲದ ಮುಂಜಾವಿನಲ್ಲಿ ಹೊಳೆಯ ಕಣಿವೆಯಿಂದ ಮಂಜು ಏಳುತ್ತದೆ. ಅದರ ರಗಳೆಯೇ ಬೇರೆ.

ಮೊದಲ ರನ್‌ವೇ ಉದ್ದ 1,600 ಮೀಟರಿನ ಆಸುಪಾಸು. ನಿಧಾನಕ್ಕೆ ಇಳಿಯುವ ಡಕೋಟಾಕ್ಕೆ ಅಷ್ಟು ಸಾಕಿತ್ತು. ಮುಂದೆ ಬೋಯಿಂಗ್ 737 ಜೆಟ್‌ಗಳೂ ಅದರಲ್ಲೇ ಇಳಿಯಬೇಕಾಯಿತು. ಒದ್ದೆ ರನ್‌ವೇಯಲ್ಲಿ ಬ್ರೇಕ್ ಹಿಡಿಯಲು ತಡವಾಗುತ್ತದೆ, ಟೈರಿನಡಿ ನೀರಿನ ಪದರ ನಿಂತರೆ ಚಕ್ರ ಜಾರುತ್ತದೆ. 1981ರ ಆಗಸ್ಟ್ 19ರಂದು ತುಂತುರು ಮಳೆಯಲ್ಲಿ ಇಳಿದ ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ರನ್‌ವೇ ದಾಟಿ, ಆಚೆ ಅಂಚಿನಲ್ಲಿ ನಿಂತಿತು. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಯಾರೂ ಸಾಯಲಿಲ್ಲ. ವಿಮಾನ ಮತ್ತೆ ಹಾರಲಿಲ್ಲ.

2006ರಲ್ಲಿ 2,450 ಮೀಟರಿನ ಕಾಂಕ್ರೀಟ್ ರನ್‌ವೇ ಬಂತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರುವಾಯಿತು. ಆದರೂ ಊರಿನವರ ಭಯವೆಲ್ಲ ಮಳೆಯದ್ದೇ.

2010ರ ಮೇ 22. ಪತ್ತನಾಜೆ ಹತ್ತಿರ ಬಂದಿತ್ತು. ಅಂದರೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುವ ಹೊತ್ತು. ಮುಂಗಾರು ಮಾತ್ರ ಇನ್ನೂ ಬಂದಿರಲಿಲ್ಲ. ಬೆಳಗಿನ ಆರು ಗಂಟೆಗೆ ಬಜಪೆಯ ಹವಾಮಾನ ವರದಿಯಲ್ಲಿ ಗಾಳಿ ಸ್ತಬ್ಧ, ಗೋಚರತೆ 6 ಕಿಲೋಮೀಟರ್. ಪೈಲಟ್ ಬೇಡಿಕೊಳ್ಳುವಂಥ ಹವೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ದೂರದ ವಿಮಾನಗಳನ್ನು ತೋರಿಸುವ ರಾಡಾರ್ ಕೆಟ್ಟು ಎರಡು ದಿನವಾಗಿತ್ತು, ಹಾಗಾಗಿ ಇಳಿಯತೊಡಗಿದ್ದೇ ತಡವಾಗಿ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರೆಂದು ತನಿಖಾ ವರದಿ ಹೇಳಿತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಎಚ್ಚರಿಸಿದ್ದರು. ಚಕ್ರ ನೆಲ ಮುಟ್ಟಿದಾಗ ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಹಿಂದೆ ಉಳಿದಿತ್ತು. ವಿಮಾನ ಗುಡ್ಡದಂಚು ದಾಟಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು 8.

ಈ ಗುಡ್ಡದ ಚರಿತ್ರೆಯಲ್ಲಿ ಅತ್ಯಂತ ಘೋರವಾದ ದಿನಕ್ಕೆ ಮಳೆ ಸಾಕ್ಷಿಯೂ ಆಗಿರಲಿಲ್ಲ. ಹಾಗಂತ ಮಳೆಯನ್ನು ಹಗುರಾಗಿ ಕಾಣುವಂತಿಲ್ಲ. ಇಂಥದ್ದೇ ಗುಡ್ಡದ ಮೇಲಿರುವ ಕೋಯಿಕ್ಕೋಡಿನ ವಿಮಾನ ನಿಲ್ದಾಣದಲ್ಲಿ 2020ರ ಆಗಸ್ಟ್ 7ರ ರಾತ್ರಿ, ಸುರಿಯುವ ಮಳೆ ಮತ್ತು ಬೆನ್ನುಗಾಳಿಯಲ್ಲಿ ಇಳಿದ ವಿಮಾನ ರನ್‌ವೇ ಮೀರಿ ಕೆಳಗೆ ಬಿತ್ತು. 21 ಮಂದಿ ತೀರಿಕೊಂಡರು. ತಪ್ಪು ಮಾಡಿದವನಿಗೆ ಬಿಸಿಲಿನಲ್ಲಿ ಸಿಗುವ ಅಲ್ಪಸ್ವಲ್ಪ ಜಾಗವನ್ನೂ ಮಳೆ ಕಿತ್ತುಕೊಳ್ಳುತ್ತದೆ, ಅಷ್ಟೆ.

ಬಜಪೆಯಲ್ಲಿ 2023ರ ಬೇಸಿಗೆಯಲ್ಲಿ, ಮುಂಗಾರಿಗೆ ಮೊದಲೇ, ಕಾಂಕ್ರೀಟಿನ ಮೇಲೆ ಡಾಂಬರಿನ ಹೊಸ ಹಾಸು ಬಿತ್ತು. ಇಳಿಯುವ ನಿಯಮವೂ ಸರಳ: ನಿಗದಿತ ಎತ್ತರಕ್ಕೆ ಬಂದಾಗ ರನ್‌ವೇ ದೀಪ ಕಣ್ಣಿಗೆ ಬೀಳಬೇಕು, ಇಲ್ಲದಿದ್ದರೆ ಮೇಲೇರಲೇಬೇಕು. ಜೂನ್-ಜುಲೈಯಲ್ಲಿ ಊರಿಗೆ ಬರುವವರು ಗುಡ್ಡದ ಮೇಲೆ ಎರಡು ಸುತ್ತು ಹೊಡೆದು ಬೆಂಗಳೂರಿನಲ್ಲಿ ಇಳಿಯುವುದು ಇದರಿಂದಲೇ. ಹಾಗಾದ ದಿನ ಪೈಲಟ್‌ಗೆ ಬೈಯಬೇಡಿ.